ಜತ್ತದ ಪಡಸಾಲೆಯಲ್ಲಿ ಕೌದಿ

ಸೊಲ್ಲಾಪುರದಿಂದ ಮಂಗಳವೇಢೆ ದಾಟಿ ಜತ್ತದ ಕಡೆ ಬೇಸಿಗೆಯಲ್ಲಿ ಹೊರಟರೆ ಕಣ್ಣಿಗೆ ಹಸಿರು ಸಿಗುವುದು ಕಡಿಮೆ. ಮಂಗಳವೇಢೆಯ ಎರೆಭೂಮಿಯಲ್ಲಿ ಜೋಳದ ಸುಗ್ಗಿ ಮುಗಿದಿರುತ್ತದೆ. ಮುಂದೆ ಜಾಲಿ, ಬೇವು, ನೀರಿದ್ದಲ್ಲಿ ದಾಳಿಂಬೆ ತೋಟ. ಜತ್ತ ಸಾಂಗಲಿ ಜಿಲ್ಲೆಯ ತಾಲೂಕಾದರೂ ವಿಜಯಪುರಕ್ಕೆ ಹತ್ತಿದ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಹೊಲದ ಕೆಲಸ ಕಡಿಮೆಯಿರುವ ಈ ದಿನಗಳಲ್ಲಿ, ಮಳೆಗೆ ಮುಂಚೆ, ಮನೆಮನೆಯ ಪಡಸಾಲೆಯಲ್ಲಿ ಕೌದಿ ಹಾಸಿರುತ್ತಾರೆ. ಮರಾಠಿಯವರು ಇದನ್ನೇ ಗೋಧಡಿ ಎನ್ನುತ್ತಾರೆ.

ನಾವು ಅಕ್ಕತಂಗಿಯರು ಕಾಕು ಅವರ ಮನೆಗೆ ಹೋದಾಗ ಅಲ್ಲಿಯೂ ಅದೇ ಕೆಲಸ ನಡೆದಿತ್ತು. ಸೊಲ್ಲಾಪುರದಲ್ಲಿ ಕೊಂಡ ಚಾದರವನ್ನು ಕೈಗಿಟ್ಟೆವು. ಜಕಾರ್ಡ್ ಮಗ್ಗದ ನವಿಲುಗಳನ್ನು ನೋಡಿ ಹೊಗಳಿದರು, ಪೆಟ್ಟಿಗೆಯಲ್ಲಿ ಇಟ್ಟರು, ಮತ್ತೆ ಸೂಜಿ ಹಿಡಿದರು!

ಕೆಳಗೆ ಹಳೆಯ ಇಲಕಲ್ಲ ಸೀರೆ. ಅದರ ಮೇಲೆ ಧೋತರಗಳ ಪದರು. ಎಲ್ಲಕ್ಕೂ ಮೇಲೆ ಅಂಗಡಿಯಲ್ಲಿ ಉಳಿದಿದ್ದ ಕಟ್‌ಪೀಸುಗಳು. ಬಟ್ಟೆ ಸರಿಯದಂತೆ ನಾಲ್ಕು ಮೂಲೆಗೆ ಅದೇ ಅಂಗಡಿಯ ತೂಕದ ಕಲ್ಲು. ಮೊದಲು ಉದ್ದುದ್ದ ಹೊಲಿಗೆ ಹಾಕಿ ಪದರುಗಳನ್ನು ಹಿಡಿದಿಡಬೇಕು. ಆಮೇಲೆ ಅಂಚಿನಿಂದ ಶುರುಮಾಡಿ ಸುತ್ತಿಗೊಂದು ಸಾಲಿನಂತೆ ನಡುವಿಗೆ ಬರಬೇಕು. ಹೊಲಿಗೆ ಅಕ್ಕಿಕಾಳಿನಷ್ಟು, ಸಾಲುಗಳ ನಡುವೆ ಬೆರಳಗಲ ಜಾಗ. ಸುಕ್ಕುಗಳನ್ನು ಅಂಗೈಯಿಂದ ಸವರುತ್ತ ಮುಂದಕ್ಕೆ ದೂಡುತ್ತ ಹೋಗುವುದು. ಇಷ್ಟೇ ವಿದ್ಯೆ.

ಮೊದಲ ದಿನ ಬೆರಳು ನೊಂದವು, ಬೆನ್ನು ಹಿಡಿಯಿತು. ಎರಡನೆಯ ಮಧ್ಯಾಹ್ನದ ಹೊತ್ತಿಗೆ ಏನಾಯಿತೋ, ಮಾತು ತಾನಾಗಿ ಕಡಿಮೆಯಾಯಿತು. ದಾರ ಬಟ್ಟೆಯಿಂದ ಸರ್ರನೆ ಎಳೆದು ಬರುವ ಸದ್ದೊಂದೇ. ಪ್ರತಿಯೊಬ್ಬರಿಗೂ ಒಂದೊಂದು ಮಗ್ಗುಲು. ಯಾರ ಸಾಲು ಮೊದಲು ಎಂಬ ಪೈಪೋಟಿ ಇಲ್ಲ. ಊರಿನ ಉದ್ರಿ ವಸೂಲಿ, ಮಕ್ಕಳ ಪರೀಕ್ಷೆ ಯಾವುದೂ ಆ ಮೂರು ತಾಸು ನೆನಪಿಗೆ ಬರಲಿಲ್ಲ. ಹೊತ್ತು ಮುಳುಗುವ ಮುಂಚೆ ಊಟ ಆಗಬೇಕಲ್ಲ, ಅದಕ್ಕೇ ಎದ್ದೆವು, ಇಲ್ಲವಾದರೆ ಏಳುತ್ತಿರಲಿಲ್ಲ.

ಕಾಕಾ ತೀರಿ ಎರಡು ವರ್ಷ. ಅಂಗಡಿಗೆ ಅಂದಿನಿಂದ ಬೀಗ. ಅವರ ಧೋತರಗಳ ಪೆಟ್ಟಿಗೆಯನ್ನು ಕಾಕು ತೆರೆದೇ ಇರಲಿಲ್ಲ. ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬಂದಾಗ ಹಾಕಿಬಿಡು ಎಂದು ಪುಣೆಯಲ್ಲಿರುವ ಮಗ ಫೋನಿನಲ್ಲಿ ಹೇಳಿದ್ದನಂತೆ. ಅವನಿಗೆ ಮಗು ಹುಟ್ಟಿದ ಸುದ್ದಿ ಬಂದ ವಾರವೇ ಇವರು ಪೆಟ್ಟಿಗೆ ತೆರೆದರು.

ಮೂರನೆಯ ದಿನ ನಮ್ಮ ಸಾಲುಗಳು ಒಂದು ಶಾಯಿಯ ಕಲೆಯ ಹತ್ತಿರ ಬಂದವು. ಕಿರ್ದಿ ಬರೆಯುವಾಗ ಬಿದ್ದದ್ದು. ಮೇಲೊಂದು ಹೂವಿನ ತುಂಡು ಹಚ್ಚೋಣವೇ ಎಂದು ಕೇಳಿದೆವು.

"ಬ್ಯಾಡ್ರವಾ, ಇರ್ಲಿ. ಕೂಸಿಗೆ ಅಜ್ಜನ ಅಕ್ಷರ ಒಂದರ ಇರ್ಲಿ" ಎಂದರು. ಆ ಕಲೆಯ ಸುತ್ತ ತಾವೇ ಹೊಲಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ.

ನಾವು ಹೊರಡುವಾಗ ನಡುವೆ ಇನ್ನೂ ಒಂದು ಮೊಳ ಬಾಕಿ ಇತ್ತು. "ಸೂಜಿಗೆ ದಾರಾ ಪೋಣಿಸಿಟ್ಟ ಹೋಗ್ರವಾ, ಕಣ್ಣ ಕಾಣವಲ್ಲವು" ಎಂದರು. ಇದ್ದ ಹನ್ನೆರಡು ಸೂಜಿಗೂ ದಾರ ಪೋಣಿಸಿ ಕೌದಿಯ ಅಂಚಿಗೆ ಸಾಲಾಗಿ ಚುಚ್ಚಿ ಬಂದೆವು.