ಅಪ್ಪ ತೆಗೆದ ಔಟು

ಎರಡು ತಿಂಗಳಿಂದ ಸೈಕಲ್ ಕಟ್ಟುತ್ತಿದ್ದೆ... ದಿನಾ ಬೆಳಿಗ್ಗೆ ಉಲ್ಲಾಳದ ಮನೆಯಿಂದ ಜ್ಞಾನಭಾರತಿ ಕಡೆಯ ಮಣ್ಣುದಾರಿಗಳಲ್ಲಿ ಓಡಿಸೋಕೆ.

ಹಿಂದೆಯೂ ಸಸ್ಪೆನ್ಶನ್ ಇರಲಿ ಅಂತ ಆಸೆಯಿತ್ತು. ಆದರೆ ಅದರ ಬೇರಿಂಗುಗಳಿಗೆ ನಮ್ಮ ಕೆಂಪು ಧೂಳು ಸೇರಿದರೆ ಒರೆಸೋದೇ ಒಂದು ಉದ್ಯೋಗ. ಹಾಗಾಗಿ ಹಾರ್ಡ್‌ಟೇಲ್ ಫ್ರೇಮು, ಮುಂದೆ 120 ಮಿ.ಮೀ. ಫೋರ್ಕು. ಉಳಿದ ದುಡ್ಡೆಲ್ಲಾ ಟೈರಿಗೆ. ಜಾಲಿಮುಳ್ಳಿನ ಕಾಟಕ್ಕೆ ಟ್ಯೂಬ್‌ಲೆಸ್ ಮಾಡಿ ಒಳಗೆ ಸೀಲೆಂಟ್ ಸುರಿದೆ; ಸಣ್ಣ ತೂತಾದರೆ ಅದೇ ಮುಚ್ಚಿಕೊಳ್ಳುತ್ತೆ. ಗಾಳಿ 25 ಪಿಎಸ್‌ಐ ಸಾಕು, ಮೆತ್ತಗಿದ್ದಷ್ಟೂ ಟೈರು ಕಲ್ಲನ್ನು ಕಚ್ಚಿ ಹಿಡಿಯುತ್ತೆ.

ಬೆಲೆ ಕೇಳಿದ ದಿನದಿಂದ ಅಪ್ಪ ಮಾತು ಬಿಟ್ಟಿದ್ದರು. ವಿಜಯನಗರದಿಂದ ಪೀಣ್ಯದ ಫ್ಯಾಕ್ಟರಿಗೆ ಇಪ್ಪತ್ತೆರಡು ವರ್ಷ ಅಟ್ಲಾಸ್ ತುಳಿದವರು!

ಹಿಂದಿನ ಚಕ್ರಕ್ಕೆ ನಾನೇ ಸ್ಪೋಕ್ ಹಾಕಿದ್ದೆ, ವಿಡಿಯೋ ನೋಡಿಕೊಂಡು. ಮೊನ್ನೆ ಭಾನುವಾರ ತಿರುಗಿಸಿದರೆ ಕುಡುಕನ ಹಾಗೆ ಓಲಾಟ. ಅಪ್ಪ ಸುಮ್ಮನೆ ಬಂದು ಸೈಕಲ್ ಉಲ್ಟಾ ನಿಲ್ಲಿಸಿ ಕೂತರು. ಒಂದೊಂದೇ ಸ್ಪೋಕ್ ಬೆರಳಲ್ಲಿ ಮೀಟಿ, ಸದ್ದು ಕೇಳಿ, ಆ ಕಡೆಯದು ಕಾಲು ಸುತ್ತು ಬಿಗಿ, ಈ ಕಡೆಯದು ಕಾಲು ಸುತ್ತು ಸಡಿಲ. ಅರ್ಧ ಗಂಟೆಯಲ್ಲಿ ಔಟು ಮಾಯ.

"ರಿಮ್ಮಿಗೆ ಬ್ರೇಕೇ ಇಲ್ಲವಲ್ಲೋ?" ಅಂದರು. ಡಿಸ್ಕ್ ತೋರಿಸಿದೆ.

"ಒಂದು ರೌಂಡ್ ಹೋಗಿ ಬರ್ತೀನಿ."

ಮಂಡಿನೋವಿನ ಮನುಷ್ಯ. ನಲವತ್ತು ನಿಮಿಷವಾದರೂ ಬರಲಿಲ್ಲ, ಅಮ್ಮ ಗೇಟಿನಲ್ಲಿ ನಿಂತು ಬಯ್ದದ್ದು ಮಾತ್ರ ನನಗೆ :)