ಡುಬ್ಯೂಕ್: ಹತ್ತಿ ಇಳಿದು ನೋಡುವ ಊರು

ನಾಲ್ಕನೇ ಬೀದಿಯ ಪಶ್ಚಿಮದ ತುದಿಗೆ ಬಂದರೆ ಮುಂದೆ ರಸ್ತೆಯೇ ಇಲ್ಲ, ಗುಡ್ಡ. ಗುಡ್ಡದ ಮೈಗೆ ಒರಗಿಸಿಟ್ಟ ಹಳಿ, ಹಳಿಯ ಬುಡದಲ್ಲಿ ನಾಲ್ಕಾರು ಜನ ಹಿಡಿಸುವ ಒಂದು ಪುಟ್ಟ ಗಾಡಿ. ಟಿಕೆಟ್ ಕೊಡುವವರಿಲ್ಲ, ಡ್ರೈವರ್ ಇಲ್ಲ. ಒಳಗೆ ಬೆಂಚುಗಳು ಮೆಟ್ಟಿಲುಮೆಟ್ಟಿಲಾಗಿವೆ. ಹೋಗಿ ಕೂತು, ಜೋತಾಡುವ ಹಗ್ಗವನ್ನೊಮ್ಮೆ ಜಗ್ಗಿ. ಮೇಲೆ ಕೂತವರಿಗೆ ಗಂಟೆ ಕೇಳಿಸಿರಬೇಕು, ಗಾಡಿ ಒಂದು ಸಲ ಜರ್ಕು ಹೊಡೆದು ಮೇಲಕ್ಕೆ ಹೊರಡುತ್ತದೆ. ಬೆನ್ನ ಹಿಂದೆ ಅಂಗಡಿಗಳ ಮಾಡು ಕೆಳಕ್ಕೆ ಜಾರುತ್ತಿದ್ದರೆ ಎದುರುಗಡೆಯಿಂದ ಇನ್ನೊಂದು ಗಾಡಿ ಇಳಿದು ಬರುತ್ತಿದೆ. ಬಾವಿಯ ರಾಟೆಗೆ ಎರಡೂ ಕಡೆ ಕೊಡ ಕಟ್ಟಿದಂತೆ, ಇದು ಹತ್ತಿದರೆ ಅದು ಇಳಿಯಬೇಕು. ಇನ್ನೇನು ಡಿಕ್ಕಿಯಾಯಿತು ಅನ್ನುವಷ್ಟರಲ್ಲಿ ಮೂರು ಹಳಿಯ ದಾರಿ ನಡುವಿನಲ್ಲಿ ನಾಲ್ಕಾಗಿ, ಎರಡೂ ಗಾಡಿ ಭುಜ ತಪ್ಪಿಸಿಕೊಂಡು ಸರಿದು ಹೋಗುತ್ತವೆ.

ಇದು ಅಮೆರಿಕದ ಅಯೋವಾ ರಾಜ್ಯದ ಡುಬ್ಯೂಕ್ ಊರಿನ ಫೆನೆಲನ್ ಪ್ಲೇಸ್ ಎಲಿವೇಟರ್. ಹಳಿಯ ಉದ್ದ 296 ಅಡಿ, ಏರುವ ಎತ್ತರ 189 ಅಡಿ. ಜಗತ್ತಿನಲ್ಲೇ ಅತಿ ಗಿಡ್ಡ, ಅತಿ ಕಡಿದಾದ ವಿಹಾರ ರೈಲು ಎಂದು ಊರಿನವರು ಹೇಳಿಕೊಳ್ಳುತ್ತಾರೆ. ಇಂಥ ಹೆಗ್ಗಳಿಕೆಯನ್ನು ಟೇಪು ಹಿಡಿದು ಅಳೆಯಲು ಹೋಗಬಾರದು.

ಇದು ಹುಟ್ಟಿದ್ದು ಒಬ್ಬರ ಮಧ್ಯಾಹ್ನದ ನಿದ್ದೆಗಾಗಿ. ಜೆ. ಕೆ. ಗ್ರೇವ್ಸ್ ಎಂಬ ಬ್ಯಾಂಕರ್ ಒಬ್ಬರಿದ್ದರು. ಮನೆ ಗುಡ್ಡದ ಮೇಲೆ, ಬ್ಯಾಂಕು ಕೆಳಗೆ. ಕಣ್ಣಳತೆಯ ದೂರವಾದರೂ ಕುದುರೆಗಾಡಿ ಗುಡ್ಡ ಸುತ್ತಿ ಬರಲು ಅರ್ಧ ಗಂಟೆ ಬೇಕು. ಮಧ್ಯಾಹ್ನದ ಬಿಡುವು ಒಂದೂವರೆ ಗಂಟೆ. ಹೋಗಲು ಅರ್ಧ, ಬರಲು ಅರ್ಧ ಕಳೆದರೆ ಉಳಿದ ಅರ್ಧ ಗಂಟೆಯಲ್ಲಿ ಊಟವಾಗುತ್ತದೆ, ನಿದ್ದೆಯಾಗುವುದಿಲ್ಲ. ಗ್ರೇವ್ಸ್ ಅವರಿಗೆ ಎರಡೂ ಬೇಕಿತ್ತು. ಯುರೋಪಿನಲ್ಲಿ ಇಂಥ ಗುಡ್ಡದ ಗಾಡಿಗಳನ್ನು ಕಂಡಿದ್ದ ಅವರು 1882ರಲ್ಲಿ ತಮಗೊಬ್ಬರಿಗೇ ಅಂತ ಒಂದನ್ನು ಕಟ್ಟಿಸಿಕೊಂಡರು. ಉಗಿಯಂತ್ರಕ್ಕೆ ಸುತ್ತಿದ ನಾರಿನ ಹಗ್ಗ. ಮಾಲಿ ಬೆಳಿಗ್ಗೆ ಧಣಿಯನ್ನು ಇಳಿಬಿಡುತ್ತಿದ್ದ, ಊಟದ ಹೊತ್ತಿಗೆ ಎಳೆದುಕೊಳ್ಳುತ್ತಿದ್ದ, ನಿದ್ದೆ ಮುಗಿದ ಮೇಲೆ ಮತ್ತೆ ಇಳಿಬಿಡುತ್ತಿದ್ದ.

ಎರಡೇ ವರ್ಷದಲ್ಲಿ ಅದಕ್ಕೆ ಬೆಂಕಿ ಬಿತ್ತು. ಮತ್ತೆ ಕಟ್ಟುವ ಹೊತ್ತಿಗೆ ನಮ್ಮನ್ನೂ ಹತ್ತಿಸಿಕೊಳ್ಳಿ ಎಂದು ನೆರೆಯವರು ದುಂಬಾಲು ಬಿದ್ದಿದ್ದರು, ಗ್ರೇವ್ಸ್ ಐದು ಸೆಂಟ್ ದರ ಇಟ್ಟು ಎಲ್ಲರಿಗೂ ಬಿಟ್ಟರು. 1893ರಲ್ಲಿ ಇನ್ನೊಂದು ಬೆಂಕಿ. ಆ ವರ್ಷ ದೇಶಕ್ಕೆ ದೇಶವೇ ಹಣದ ಮುಗ್ಗಟ್ಟಿನಲ್ಲಿತ್ತು, ಗ್ರೇವ್ಸ್ ಕೈಯೂ ಖಾಲಿ. ಆಗ ನೆರೆಯ ಹತ್ತು ಮಂದಿ ಸೇರಿ ಒಂದು ಕಂಪನಿ ಮಾಡಿ, ಹೊಸದೇನು ಬಂದಿದೆ ನೋಡೋಣ ಎಂದು ಷಿಕಾಗೋದ ವಿಶ್ವಮೇಳಕ್ಕೆ ಹೋದರು. (ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ಸೇರಿದ್ದು ಅದೇ ಮೇಳದ ಸಂದರ್ಭದಲ್ಲಿ.) ವಾಪಸು ತಂದದ್ದು ಟ್ರ್ಯಾಮಿನ ಮೋಟರು ಮತ್ತು ಉಕ್ಕಿನ ಕೇಬಲ್ಲು. ನಾರಿನ ಹಗ್ಗ ಬೆಂಕಿಗೆ ಸುಟ್ಟು ಗಾಡಿ ಕೆಳಕ್ಕೆ ಬೀಳುವುದನ್ನು ಕಂಡವರು ಉಕ್ಕಿಗೆ ಮನಸೋತದ್ದರಲ್ಲಿ ಆಶ್ಚರ್ಯವಿಲ್ಲ.

ಮೇಲೆ ತಲುಪಿದಿರಿ. ದುಡ್ಡು ಕೊಡುವುದು ಇಲ್ಲಿ, ಕಿಟಕಿಯ ಹಿಂದೆ ಕೂತವರ ಕೈಗೆ, ನಗದಾಗಿ. ಕಟಕಟೆಗೆ ಒರಗಿ ನೋಡಿದರೆ ಕಾಲಬುಡದಲ್ಲಿ ಅಯೋವಾ, ನದಿಯಾಚೆ ಎಡಕ್ಕೆ ವಿಸ್ಕಾನ್ಸಿನ್, ಬಲಕ್ಕೆ ಇಲಿನಾಯ್. ಕೆಂಪು ಇಟ್ಟಿಗೆಯ ಹಳೇ ಪೇಟೆ, ನಡುವೆ ಬಂಗಾರದ ಬಣ್ಣದ ಕಲಶ ಹೊತ್ತ 1891ರ ಕೋರ್ಟು ಕಟ್ಟಡ, ಅದರಾಚೆ ಬೂದುಬಣ್ಣದ ಅಗಲವಾದ ನೀರು. ಭೂಗೋಳದ ಪಾಠದಲ್ಲಿ ಕಾಗುಣಿತ ಉರುಹೊಡೆದ ಮಿಸಿಸಿಪ್ಪಿ ಅದೇ. ಅಕ್ಟೋಬರ್ ತಿಂಗಳು, ಆಚೆ ದಡದ ಮರಗಳಿಗೆ ಆಗಲೇ ತುಕ್ಕಿನ ಬಣ್ಣ ಏರಿದೆ.

ಅಯೋವಾ ಎಂದರೆ ಸಪಾಟು ಮೆಕ್ಕೆಜೋಳದ ಹೊಲ ಎಂದುಕೊಂಡು ಬಂದವರಿಗೆ ಈ ಗುಡ್ಡಸಾಲು ಎಲ್ಲಿಂದ ಬಂತು ಅನ್ನಿಸುತ್ತದೆ. ಹಿಮಯುಗದಲ್ಲಿ ಉತ್ತರದಿಂದ ಸರಿದು ಬಂದ ಹಿಮರಾಶಿ ಸುತ್ತಲಿನ ಸೀಮೆಯನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿ, ಈ ಮೂಲೆಯನ್ನು ಬಹುಮಟ್ಟಿಗೆ ಬಿಟ್ಟು ಸಾಗಿತು. ಹಾಗಾಗಿ ಕಣಿವೆ, ಕಡಿದಾದ ಸುಣ್ಣಕಲ್ಲಿನ ಬಂಡೆ ಉಳಿದುಕೊಂಡವು. ಬಂಡೆಯ ಬಿರುಕಿನಲ್ಲಿ ಸೀಸದ ಅದಿರೂ ಇತ್ತು. ಊರು ಎದ್ದದ್ದು ಆ ಸೀಸದಿಂದ.

ಸೀಸದ ಮೊದಲ ಯಜಮಾನರು ಮೆಸ್ಕ್ವಾಕಿ ಜನ, ಅವರಲ್ಲಿ ಅದಿರು ತೆಗೆಯುವ ಕೆಲಸ ಹೆಚ್ಚಾಗಿ ಹೆಂಗಸರದು. 1788ರಲ್ಲಿ ಕೆನಡಾ ಕಡೆಯ ಫ್ರೆಂಚ್ ವ್ಯಾಪಾರಿ ಜೂಲಿಯನ್ ಡುಬ್ಯೂಕ್ ಮೆಸ್ಕ್ವಾಕಿಗಳಿಂದ ಗಣಿ ನಡೆಸುವ ಒಪ್ಪಿಗೆ ಪಡೆದ. ಆಗ ಈ ದಡ ಸ್ಪೇನಿನ ದೊರೆಯದು. ದೊರೆತನದವರ ಮನಸ್ಸು ಹಿಡಿಯಲು ‘ಸ್ಪೇನಿನ ಗಣಿಗಳು’ ಎಂದೇ ಹೆಸರಿಟ್ಟು 1796ರಲ್ಲಿ ಜಾಗವನ್ನು ತನ್ನ ಹೆಸರಿಗೆ ಬರೆಸಿಕೊಂಡ. ಜಾಣನೇನೋ ಹೌದು, ಆದರೆ 1810ರಲ್ಲಿ ಸಾಯುವಾಗ ಮೈತುಂಬ ಸಾಲ. ಊರಿನ ದಕ್ಷಿಣಕ್ಕೆ, ನದಿಯ ಮೇಲೆ ಚಾಚಿದ ಬಂಡೆಯ ತುದಿಯಲ್ಲಿ ಆತನ ಸಮಾಧಿಯಿದೆ. 1897ರಲ್ಲಿ ಅದರ ಮೇಲೆ ಕಲ್ಲಿನ ದುಂಡು ಗೋಪುರ ಕಟ್ಟಿದರು, ಕೋಟೆಯ ಒಂದು ಕೊತ್ತಲವನ್ನು ಕಿತ್ತು ತಂದು ನಿಲ್ಲಿಸಿದ್ದಾರೇನೋ ಅನ್ನಬೇಕು. ಕಾರಿದ್ದರೆ ಹೋಗಿ ಬನ್ನಿ. ಗೋಪುರದಲ್ಲಿ ವಿಶೇಷವೇನಿಲ್ಲ, ನಿಂತ ಜಾಗ ಮಾತ್ರ ಸೊಗಸು.

ಮತ್ತೆ ಹಗ್ಗದ ಗಾಡಿಯಲ್ಲೇ ಇಳಿದು ನದಿಯ ಕಡೆ ನಡೆಯಿರಿ. ನೀರಿನ ಅಂಚಿನಲ್ಲಿ ಹಳೇ ಬಿಯರ್ ಕಾರ್ಖಾನೆಯ ಇಟ್ಟಿಗೆ ಕಟ್ಟಡದ ಹತ್ತಿರ, ಮೇಲೆ ಹೋಗುತ್ತ ಕಿರಿದಾಗುವ ಚೌಕಾಕಾರದ ಒಂದು ಗೋಪುರ ಒಂಟಿಯಾಗಿ ನಿಂತಿದೆ. ಕೆಳಭಾಗ ಕಲ್ಲು, ಮೇಲ್ಭಾಗ ಇಟ್ಟಿಗೆ. ದೂರದಿಂದ ನೋಡಿದರೆ ಹೊಗೆಗೂಡು ಅನ್ನಿಸೀತು. ಇದು 1856ರಲ್ಲಿ ಕಟ್ಟಿದ ಗುಂಡಿನ ಗೋಪುರ, ಎತ್ತರ ಸುಮಾರು 120 ಅಡಿ. ಕರಗಿದ ಸೀಸವನ್ನು ತುದಿಯಲ್ಲಿ ಜರಡಿಗೆ ಹೊಯ್ಯುತ್ತಿದ್ದರು. ತೂತಿನಿಂದ ಹನಿಹನಿಯಾಗಿ ಬೀಳುವ ಸೀಸ ಗಾಳಿಯಲ್ಲೇ ಗುಂಡಗಾಗಿ, ಆರುತ್ತಾ ಬಂದು ತಳದ ನೀರಿನ ತೊಟ್ಟಿಗೆ ಬೀಳುವಾಗ ಬಂದೂಕಿನ ಚರೆಯಾಗಿರುತ್ತಿತ್ತು. ಅಚ್ಚೂ ಬೇಡ, ಸುತ್ತಿಗೆಯೂ ಬೇಡ, ಬೀಳಲು ಸಾಕಷ್ಟು ಎತ್ತರವಿದ್ದರಾಯಿತು. ಒಳಗೆ ಬಿಡುವುದಿಲ್ಲ. ಬುಡದಲ್ಲಿ ನಿಂತು ಕತ್ತೆತ್ತಿ ಗೋಡೆಗುಂಟ ಕಣ್ಣು ಹಾಯಿಸಿದರೆ ಒಂದು ಹನಿ ಎಷ್ಟು ದೂರ ಬೀಳಬೇಕಿತ್ತು ಎಂಬ ಅಂದಾಜು ಕತ್ತಿಗೇ ಸಿಗುತ್ತದೆ.

ಇಷ್ಟು ಹೊತ್ತಿಗೆ ನಿಮಗೂ ಹೊಳೆದಿರಬಹುದು: ಈ ಊರಿನಲ್ಲಿ ನೋಡತಕ್ಕದ್ದೆಲ್ಲ ಏನನ್ನೋ ಮೇಲಕ್ಕೆ ಎತ್ತಲು ಇಲ್ಲವೇ ಕೆಳಕ್ಕೆ ಇಳಿಸಲು ಕಟ್ಟಿದ್ದು. ಅಂದಕ್ಕೆಂದು ಕಟ್ಟಿದ್ದು ಕಡಿಮೆ.

ದಂಡೆಯ ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ಐಸ್ ಹಾರ್ಬರ್, ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ಹಡಗುಗಳು ಬಂದು ಸೇರುತ್ತಿದ್ದ ಕೊಲ್ಲಿ. ಅದರ ಬಾಯಿಗೆ ಭಾರಿ ಬಾಗಿಲೊಂದಿದೆ. 1965ರ ನೆರೆ ಪೇಟೆಗೆ ನುಗ್ಗಿದ ಮೇಲೆ ಊರಿಗೆ ತಡೆಗೋಡೆ ಕಟ್ಟಿದರು, ನೀರು ಏರಿದಾಗ ಈ ಬಾಗಿಲು ಮುಚ್ಚುತ್ತಾರೆ. ಈಗ ನೀರು ನಿಶ್ಚಲ, ಮೇಲೆ ಬಾತುಕೋಳಿಗಳು. ಸಮುದ್ರ ನೂರಾರು ಮೈಲಿ ದೂರವಿರುವ ಈ ಊರಿನ ಕಾರ್ಖಾನೆಯೊಂದು ಅಮೆರಿಕದ ನೌಕಾಪಡೆಗೆ ‘ಎರಿಕ್ಸನ್’ ಎಂಬ ಟಾರ್ಪಿಡೊ ದೋಣಿಯನ್ನು ಕಟ್ಟಿ 1894ರಲ್ಲಿ ನೀರಿಗಿಳಿಸಿತ್ತು ಎಂದರೆ ನಂಬುವುದು ಕಷ್ಟ. ಹಿಂಬದಿಯಲ್ಲಿ ದೊಡ್ಡ ಚಕ್ರ ಹೊತ್ತ ಉಗಿದೋಣಿಗಳ ಪೈಕಿ ಸರಕು ತಳ್ಳುವುದರಲ್ಲಿ ಎಲ್ಲಕ್ಕಿಂತ ದೊಡ್ಡದಾದ ‘ಸ್ಪ್ರೇಗ್’ ಕೂಡ 1901ರಲ್ಲಿ ಇಲ್ಲೇ ತಯಾರಾದದ್ದು.

ಹಾರ್ಬರಿನ ಬದಿಯಲ್ಲಿ 2003ರಲ್ಲಿ ತೆರೆದ ಮಿಸಿಸಿಪ್ಪಿ ನದಿಯ ರಾಷ್ಟ್ರೀಯ ಮ್ಯೂಸಿಯಂ ಇದೆ. ಟಿಕೆಟ್ ದುಬಾರಿಯೇ. ಮಕ್ಕಳಿದ್ದರೆ ಅರ್ಧ ದಿನ ಇಲ್ಲೇ ಹೋಗುತ್ತದೆ, ಇಲ್ಲದಿದ್ದರೆ ನೇರವಾಗಿ ದೊಡ್ಡ ಗಾಜಿನ ತೊಟ್ಟಿಯ ಮುಂದೆ ಹೋಗಿ ನಿಂತುಬಿಡಿ. ಮೀಸೆಯ ಕ್ಯಾಟ್‌ಫಿಶ್ ತಳದಲ್ಲಿ ಬಿದ್ದುಕೊಂಡಿದೆ. ಮೇಲ್ಗಡೆ ಪ್ಯಾಡಲ್‌ಫಿಶ್, ಮೂತಿಯ ಮುಂದೆ ಹುಟ್ಟಿನಂಥ ಚಪ್ಪಟೆ ಮೂಗು ಚಾಚಿ, ಬಾಯನ್ನು ಚೀಲದ ಹಾಗೆ ಅಗಲಿಸಿಕೊಂಡು ಬರುತ್ತದೆ. ಗಾಜಿಗೆ ಹತ್ತಿರ ಬಂದಾಗ ಆ ಬಾಯಿಯೊಳಗೆ ಕಿವಿರಿನ ಎಳೆಗಳವರೆಗೂ ಕಾಣುತ್ತದೆ. ಯಾರನ್ನೂ ಕಚ್ಚಲು ಅಲ್ಲ, ನೀರನ್ನು ಸೋಸಿ ಸಣ್ಣ ಜೀವಿಗಳನ್ನು ಹಿಡಿಯುವುದು ಅದರ ಊಟದ ಕ್ರಮ. ಹೊರಗೆ ಕಟ್ಟಿಹಾಕಿದ ‘ವಿಲಿಯಂ ಎಂ. ಬ್ಲ್ಯಾಕ್’ 1934ರ ಉಗಿ ಹಡಗು, ನದಿಗಳ ಹೂಳೆತ್ತಿದ್ದು ಅದರ ಜೀವಮಾನದ ಕೆಲಸ.

ಹೂಳೆತ್ತಿದ್ದು ಯಾಕೆ ಎಂಬುದು ಗೊತ್ತಾಗಬೇಕಾದರೆ ಊರಿನ ಉತ್ತರಕ್ಕೆ, ಈಗಲ್ ಪಾಯಿಂಟ್ ಪಾರ್ಕಿನ ಗುಡ್ಡಕ್ಕೆ ಹೋಗಬೇಕು. ಒಂದೇ ಜಾಗಕ್ಕೆ ಹೊತ್ತಿದೆ ಎಂದಾದರೆ ನಾನು ಕಳಿಸುವುದು ಇಲ್ಲಿಗೇ. ಆರ್ಥಿಕ ಕುಸಿತದ ಕಾಲದಲ್ಲಿ, 1934ರಿಂದ 1936ರವರೆಗೆ, ಆಲ್ಫ್ರೆಡ್ ಕಾಲ್ಡ್‌ವೆಲ್ ಎಂಬ ವಿನ್ಯಾಸಕಾರ ಇಲ್ಲಿನದೇ ಸುಣ್ಣಕಲ್ಲಿನಲ್ಲಿ ತಗ್ಗು ಮಾಡಿನ ಮಂಟಪಗಳನ್ನು ಎಬ್ಬಿಸಿದರು. ಅವುಗಳ ಮುಂದೆ ಹುಲ್ಲು, ಹುಲ್ಲಿನ ಕೊನೆಗೆ ಪ್ರಪಾತ. ಪ್ರಪಾತದ ಬುಡದಲ್ಲಿ 1937ರಲ್ಲಿ ಶುರುವಾದ 11ನೇ ಲಾಕ್ ಮತ್ತು ಅಣೆಕಟ್ಟು.

ಅಣೆಕಟ್ಟು ಎಂದ ಕೂಡಲೇ ನಮಗೆ ಕೆಆರ್‌ಎಸ್ ನೆನಪಾಗುತ್ತದೆ, ನಾಲೆ ಎಲ್ಲಿ ಎಂದು ಕಣ್ಣು ಹುಡುಕುತ್ತದೆ. ಇಲ್ಲಿ ನಾಲೆಯಿಲ್ಲ, ಗದ್ದೆಗೆ ನೀರಿಲ್ಲ. ಹಡಗು ತಳ ತಾಗದಂತೆ ನದಿಯಲ್ಲಿ ಒಂಬತ್ತು ಅಡಿ ಆಳ ಉಳಿಸುವುದಷ್ಟೇ ಇದರ ಕೆಲಸ. ಹೀಗೆ ಕಟ್ಟೆಯ ಮೇಲೆ ಕಟ್ಟೆ ಹಾಕಿ ಮೇಲ್ಗಡೆಯ ಮಿಸಿಸಿಪ್ಪಿಯನ್ನು ಮೆಟ್ಟಿಲಾಗಿಸಿದ್ದಾರೆ. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಹಡಗು ದಾಟಿಸುವ ಕೋಣೆಯೇ ಲಾಕ್. 110 ಅಡಿ ಅಗಲ, 600 ಅಡಿ ಉದ್ದ, ಎರಡೂ ತುದಿಗೆ ಉಕ್ಕಿನ ಬಾಗಿಲು. ನೀರು ತುಂಬಲೂ ಪಂಪಿಲ್ಲ, ಖಾಲಿ ಮಾಡಲೂ ಪಂಪಿಲ್ಲ. ಗೋಡೆಯೊಳಗಿನ ಸುರಂಗದ ಕವಾಟ ತೆರೆದರೆ ಮೇಲಿನ ನದಿ ತಾನಾಗಿ ಒಳಗೆ ಇಳಿಯುತ್ತದೆ, ಇನ್ನೊಂದನ್ನು ತೆರೆದರೆ ಒಳಗಿನ ನೀರು ಕೆಳಗಿನ ನದಿಗೆ ಹೋಗುತ್ತದೆ. ಮೀನು ಹಿಡಿಯಲು ಬಂದ ಸಣ್ಣ ದೋಣಿಯವನೂ ಗೋಡೆಯ ತುದಿಯ ಹಗ್ಗ ಜಗ್ಗಿ ದಾರಿ ಕೇಳಬಹುದು. ಸುಂಕವಿಲ್ಲ.

ಇಗೋ, ಉತ್ತರದ ತಿರುವಿನಲ್ಲಿ ಒಂದು ಸಾಲು ಕಾಣಿಸಿತು. ಹದಿನೈದು ಬಾರ್ಜುಗಳು, ಅಂದರೆ ಚಪ್ಪಟೆ ತಳದ ಸರಕುದೋಣಿಗಳು, ಮೂರು ಸಾಲಿನಲ್ಲಿ ಐದೈದು, ಹಿಂದಿನಿಂದ ತಳ್ಳುವ ಒಂದು ದೋಣಿ. ಒಂದೊಂದರ ಹೊಟ್ಟೆಯಲ್ಲಿ ಸುಮಾರು 1500 ಟನ್ ಕಾಳು. ಕೊಯ್ಲಿನ ಕಾಲ, ಮೆಕ್ಕೆಜೋಳವೋ ಸೋಯಾಬೀನೋ ಇರಬೇಕು, ನ್ಯೂ ಆರ್ಲಿಯನ್ಸ್ ಕಡೆಗೆ. ಪಕ್ಕದ ಬೆಂಚಿನ ಮುದುಕರು ಥರ್ಮಾಸ್ ಮುಚ್ಚಳ ತಿರುಗಿಸುತ್ತಾ, “ಆರಾಮಾಗಿ ಕೂತ್ಕೊಳ್ಳಿ, ಇದು ಒಂದೂವರೆ ಗಂಟೆ ಕೆಲಸ” ಅನ್ನುತ್ತಾರೆ.

ಯಾಕೆಂದರೆ ಸಾಲಿನ ಉದ್ದ ಸಾವಿರ ಅಡಿ ದಾಟುತ್ತದೆ, ಕೋಣೆಯ ಉದ್ದ ಆರುನೂರೇ. ಅಗಲದ ಲೆಕ್ಕವೂ ಬಿಗಿ: ಮೂರು ಬಾರ್ಜು ಸೇರಿದರೆ 105 ಅಡಿ, ಎರಡೂ ಕಡೆ ಉಳಿಯುವುದು ಎರಡೂವರೆ ಅಡಿ. ಹಿಂದೆ ಇರುವ ಕ್ಯಾಪ್ಟನ್‌ಗೆ ಮುಂದಿನ ಮೂಲೆ ಸರಿಯಾಗಿ ಕಾಣುವುದಿಲ್ಲ. ಕಿತ್ತಳೆ ಜಾಕೆಟ್ಟಿನ ಒಬ್ಬ ಆಳು ಮುಂದಿನ ಬಾರ್ಜಿನ ಮೂತಿಯಲ್ಲಿ ನಿಂತು ವಾಕಿಟಾಕಿಯಲ್ಲಿ ದೂರ ಹೇಳುತ್ತಿದ್ದಾನೆ. ಸಾಲು ಆಮೆ ನಡಿಗೆಯಲ್ಲಿ ಒಳಗೆ ತೂರುತ್ತದೆ, ಒಂದು ಕಡೆ ಗೋಡೆಗೆ ಉಜ್ಜಿದ ಉಕ್ಕಿನ ಕಿರುಗುಟ್ಟುವಿಕೆ ಗುಡ್ಡದ ಮೇಲಿನವರೆಗೂ ಕೇಳುತ್ತದೆ.

ಒಂಬತ್ತು ಬಾರ್ಜು ಒಳಗೆ ಬಂದವು. ಆಳುಗಳು ಕಬ್ಬಿಣದ ಹಗ್ಗಗಳ ಬಿಗಿ ಸಡಿಲಿಸಿ ಬಿಚ್ಚುತ್ತಾರೆ, ಉಳಿದ ಆರನ್ನು ಕಟ್ಟಿಕೊಂಡು ದೋಣಿ ಹಿಂದಕ್ಕೆ ಸರಿಯುತ್ತದೆ. ಮೇಲಿನ ಬಾಗಿಲು ಮುಚ್ಚಿತು. ನೀರು ಇಳಿಯುವುದು ಮೊದಲಿಗೆ ತಿಳಿಯುವುದೇ ಇಲ್ಲ. ಗೋಡೆಯ ಮೇಲೆ ಒದ್ದೆಯ ಪಟ್ಟಿ ಅಗಲವಾಗುತ್ತಾ ಬಂದಾಗಲೇ, ಓ, ಒಂಬತ್ತು ಬಾರ್ಜೂ ಕೆಳಗೆ ಹೋಗಿವೆ ಎಂದು ಗೊತ್ತಾಗುವುದು. ಕೆಳಬಾಗಿಲು ತೆರೆಯುತ್ತದೆ. ತಳ್ಳಲು ದೋಣಿಯಿಲ್ಲದ ಆ ಒಂಬತ್ತನ್ನು ಗೋಡೆಯ ಮೇಲಿನ ವಿಂಚು ಹೊರಗೆಳೆದು ಕಟ್ಟಿ ನಿಲ್ಲಿಸುತ್ತದೆ. ಬಾಗಿಲು ಮುಚ್ಚಿ, ಕೋಣೆಗೆ ಮತ್ತೆ ನೀರು ತುಂಬಿ, ಆರು ಬಾರ್ಜು ಮತ್ತು ದೋಣಿಯ ಸರದಿ.

“ಜನವರಿಯಲ್ಲಿ ಬನ್ನಿ,” ಮುದುಕರು ಕಟ್ಟೆಯ ಕೆಳಗಿನ ನೊರೆ ತೋರಿಸುತ್ತಾರೆ. ನದಿಯೆಲ್ಲ ಹೆಪ್ಪುಗಟ್ಟಿದರೂ ಅಲ್ಲಿ ನೀರು ತೆರೆದೇ ಇರುತ್ತದೆ. ಬಿಳಿತಲೆಯ ಹದ್ದುಗಳು ಮೀನಿಗಾಗಿ ಆ ಮರಗಳ ಮೇಲೆ ಬಂದು ಸೇರುತ್ತವೆ.

ಕೆಳಗೆ ಆರು ಬಂದು ಒಂಬತ್ತಕ್ಕೆ ಮುಟ್ಟಿತು. ಆಳುಗಳು ಕಬ್ಬಿಣದ ಹಗ್ಗ ಹೆಗಲಿಗೇರಿಸಿಕೊಂಡು ಬಾರ್ಜಿನ ಅಂಚಿನಲ್ಲಿ ಓಡಾಡುತ್ತಾರೆ, ಒಂದೊಂದೇ ಗಂಟನ್ನು ಬಿಗಿಯುತ್ತಾರೆ. ದೋಣಿ ಕಪ್ಪು ಹೊಗೆ ಬಿಟ್ಟು ಸಾಲನ್ನು ತಳ್ಳಿಕೊಂಡು ಹೊರಟಿತು. ಮುಂದೆ ಬೆಲ್‌ವ್ಯೂ ಊರಿನಲ್ಲಿ 12ನೇ ಲಾಕ್ ಸಿಗುತ್ತದೆ. ಅಲ್ಲಿನ ಕೋಣೆಯೂ ಆರುನೂರು ಅಡಿಯದೇ, ಈಗ ಬಿಗಿದದ್ದನ್ನು ಅಲ್ಲಿ ಮತ್ತೆ ಬಿಚ್ಚಬೇಕು.