ನಳಿಗೆ ಎಷ್ಟು ಇಂಚು?

ಕೊಡಗಿನ ಮನೆಗಳಲ್ಲಿ ಕೋವಿಯನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ನಾವು ಹುಟ್ಟುವ ಮೊದಲೇ ಅದು ಮನೆಯಲ್ಲಿರುತ್ತದೆ. ಅಜ್ಜನ ಕಾಲದ ಜೋಡುನಳಿಗೆ ಕೋವಿ ಕೈಲ್‌ಪೊಳ್ದ್ ಹಬ್ಬದಂದು ಗೋಡೆಯಿಂದಿಳಿದು, ಎಣ್ಣೆ ಹಚ್ಚಿಸಿಕೊಂಡು, ನಳಿಗೆಯ ಬಾಯಿಗೆ ತೋಕ್ ಪೂ ಮುಡಿದು ಪೂಜೆಗೆ ಕೂರುತ್ತಿತ್ತು. ಅದರ ನಳಿಗೆ ಎಷ್ಟು ಉದ್ದವೆಂದು ನಾವಿಬ್ಬರೂ ಎಂದೂ ಕೇಳಿದವರಲ್ಲ. ಆದ್ದರಿಂದ ಪೆನ್ಸಿಲ್ವೇನಿಯಾದ ನಮ್ಮೂರಿನ ಗನ್‌ಸ್ಮಿತ್, ನಮಗಾಗಿ ಒಂದು ರೈಫಲ್ ಕಟ್ಟಿಕೊಡಲು ಒಪ್ಪಿ, ಮೊದಲ ಪ್ರಶ್ನೆಯಾಗಿ ಅದನ್ನೇ ಕೇಳಿದಾಗ ಉತ್ತರಿಸಲು ಮೂರು ವಾರ ಬೇಕಾಯಿತು.

ಕೂಟದ ಎಲ್ಲ ಬಂಧುಗಳಿಗೂ ಕೋವಿಯ ಮಾತು ಹಿತವಲ್ಲವೆಂಬುದನ್ನು ಬಲ್ಲೆವು. ಮಕ್ಕಳನ್ನು ನಮ್ಮಲ್ಲಿಗೆ ಆಟಕ್ಕೆ ಕಳುಹಿಸುವ ಮುನ್ನ ಗೆಳತಿಯೊಬ್ಬರು, "ಮನೆಯಲ್ಲಿ ಕೋವಿ ಇದೆಯೇ? ಎಲ್ಲಿಟ್ಟಿದ್ದೀರಿ?" ಎಂದು ನೇರವಾಗಿ ಕೇಳಿದರು. ನಮಗೆ ಬೇಸರವಾಗಲಿಲ್ಲ. ಈ ದೇಶದಲ್ಲಿ ಪ್ರತಿಯೊಬ್ಬ ತಾಯಿತಂದೆಯೂ ಕೇಳಬೇಕಾದ ಪ್ರಶ್ನೆಯದು. ಉಕ್ಕಿನ ಕಪಾಟು, ಬೇರೆಡೆ ಬೀಗ ಹಾಕಿಟ್ಟ ತೋಟಾಗಳು, ಎರಡನ್ನೂ ತೋರಿಸಿದೆವು.

ಮೊದಲು ಕಾನೂನಿನ ಗೆರೆ. 1934ರ ರಾಷ್ಟ್ರೀಯ ಕಾಯ್ದೆಯ ವ್ಯಾಪ್ತಿಗೆ ಬಾರದಿರಬೇಕಾದರೆ ರೈಫಲ್ಲಿನ ನಳಿಗೆ 16 ಇಂಚಿಗೂ, ಇಡೀ ಕೋವಿ 26 ಇಂಚಿಗೂ ಕಡಿಮೆಯಿರಬಾರದು. ಅದಕ್ಕಿಂತ ಗಿಡ್ಡದ್ದು ಬೇಕೆಂದರೆ ಮುಂಚಿತವಾಗಿ ಅನುಮತಿ, ನೋಂದಣಿ. ಆ ದಾರಿ ನಮಗೆ ಬೇಡವಾಗಿತ್ತು. ಮತ್ತೊಂದು ಮಾತು: ಹಸಿರು ಕಾರ್ಡು ಉಳ್ಳವರು ಕೋವಿ ಕೊಳ್ಳಬಹುದು, ಆದರೆ ಎಚ್-1ಬಿಯಂಥ ತಾತ್ಕಾಲಿಕ ವೀಸಾದವರಿಗೆ ಫೆಡರಲ್ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷೇಧವಿದೆ, ಬೇಟೆಯ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟು. ಊರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸ್ ವಿನಾಯಿತಿಯನ್ನು ನೆನೆದು ಇಲ್ಲಿ ಅಂಗಡಿಗೆ ಹೋಗುವ ನಮ್ಮವರು ಇದನ್ನು ಅರಿತಿರುವುದು ಕ್ಷೇಮ.

ಉಳಿದದ್ದು 16ರಿಂದ ಮೇಲಿನ ಲೆಕ್ಕ. ನಮ್ಮ ರೈಫಲ್ .308 ವಿಂಚೆಸ್ಟರ್ ತೋಟಾದ್ದು, ಬೋಲ್ಟ್ ಎಳೆದು ಹೊಡೆಯುವಂಥದ್ದು. ನಮ್ಮಲ್ಲೊಬ್ಬರ ಮನಸ್ಸು 24 ಇಂಚಿನ ಮೇಲೆ, ಇನ್ನೊಬ್ಬರದು 20ರ ಮೇಲೆ. ಉದ್ದ ನಳಿಗೆಯ ಪಕ್ಷದ ವಾದ ಸರಳ: ಮದ್ದು ಉರಿದು ಹುಟ್ಟುವ ಅನಿಲ ಗುಂಡನ್ನು ಹೆಚ್ಚು ದೂರ ತಳ್ಳಿದಷ್ಟೂ ಗುಂಡಿಗೆ ವೇಗ. ನಿಜವೇ, ಈ ತೋಟಾದಲ್ಲಿ ಒಂದು ಇಂಚು ಕತ್ತರಿಸಿದರೆ ಸೆಕೆಂಡಿಗೆ ಸುಮಾರು 20ರಿಂದ 25 ಅಡಿ ವೇಗ ಕುಗ್ಗುತ್ತದೆ. ನಾಲ್ಕು ಇಂಚಿಗೆ ನೂರು ಅಡಿ ಎಂದಿಟ್ಟುಕೊಳ್ಳೋಣ. ಆದರೆ ಮೂಲವೇಗ 2,800 ಅಡಿಯ ಆಸುಪಾಸು. ನೂರು ಗಜಕ್ಕೆ ಗುರಿ ಹೊಂದಿಸಿದ ರೈಫಲ್ಲಿನಲ್ಲಿ ಈ ನಷ್ಟದಿಂದ 200 ಗಜದಲ್ಲಿ ಗುಂಡು ಹೆಚ್ಚಾಗಿ ಇಳಿಯುವುದು ಅರ್ಧ ಇಂಚಿಗಿಂತ ಕಡಿಮೆ. ನಾವು ಹೋಗುವ ಓಕ್ ಕಾಡಿನಲ್ಲಿ ನೂರು ಗಜ ಕಣ್ಣಿಗೆ ಕಂಡರೆ ಅದೇ ಭಾಗ್ಯ.

ಉದ್ದವಿದ್ದರೆ ಗುರಿ ನಿಖರ ಎಂಬ ನಂಬಿಕೆಯೂ ನಮ್ಮಲ್ಲಿತ್ತು, ಊರಿನ ಹಿರಿಯರಿಂದ ಬಂದದ್ದು. ಹಳೆಯ ಕೋವಿಗಳಿಗೆ ಅದು ಸಲ್ಲುತ್ತಿತ್ತು. ಕರಿಮದ್ದು ನಿಧಾನವಾಗಿ ಉರಿಯುತ್ತಿತ್ತು. ಬರಿಗಣ್ಣಿನಲ್ಲಿ ಗುರಿ ಹಿಡಿಯುವಾಗ ಹಿಂದಿನ ಮತ್ತು ಮುಂದಿನ ಗುರಿಮೊಳೆಗಳ ನಡುವೆ ಅಂತರ ಹೆಚ್ಚಿದಷ್ಟೂ ತಪ್ಪು ಬೇಗ ಕಾಣುತ್ತಿತ್ತು. ದೂರದರ್ಶಕ ಕೂರಿಸಿದ ರೈಫಲ್ಲಿಗೆ ಆ ಲಾಭವಿಲ್ಲ. ಅಲ್ಲದೆ ಒಂದೇ ದಪ್ಪದ ಎರಡು ನಳಿಗೆಗಳಲ್ಲಿ ಗಿಡ್ಡದ್ದೇ ಹೆಚ್ಚು ಬಿಗಿ, ಕಂಪಿಸುವುದು ಕಡಿಮೆ.

ಗಿಡ್ಡದಕ್ಕೂ ತೆರಿಗೆಯುಂಟು. ಬಾಯಿ ಕಿವಿಗೆ ಹತ್ತಿರವಾಗುವುದರಿಂದ ಸದ್ದು, ಬೆಂಕಿ ಎರಡೂ ಹೆಚ್ಚು. 140 ಡೆಸಿಬೆಲ್ ಮೀರಿದ ಒಂದೇ ಸದ್ದು ಶ್ರವಣಶಕ್ತಿಗೆ ಶಾಶ್ವತ ಹಾನಿ ಮಾಡಬಲ್ಲದು. ರೈಫಲ್ ಎಷ್ಟು ಉದ್ದವಿದ್ದರೂ ಅದನ್ನು ಮೀರುತ್ತದೆ. ಹಾಗಾಗಿ ಕಿವಿಗೆ ರಕ್ಷೆಯಿಲ್ಲದೆ ಅಭ್ಯಾಸವಿಲ್ಲ ಎಂಬುದು ನಮ್ಮ ಮನೆಯ ಕಟ್ಟಳೆ.

ವಾದವನ್ನು ಮುಗಿಸಿದ್ದು ಅಂಕಿಗಳಲ್ಲ, ಹದಿನೈದರ ಮಗಳು. ಬೇಟೆ ಶಿಕ್ಷಣದ ಪ್ರಮಾಣಪತ್ರ ಪಡೆದಿರುವ ಅವಳು ಥ್ಯಾಂಕ್ಸ್‌ಗಿವಿಂಗ್ ವಾರದ ಶನಿವಾರ ಜಿಂಕೆಯ ಋತು ತೆರೆದಾಗ ನಮ್ಮೊಡನೆ ಬರುವವಳು. ಅಂಗಡಿಯಲ್ಲಿ ಗನ್‌ಸ್ಮಿತ್ ಎರಡು ಖಾಲಿ ರೈಫಲ್ಲುಗಳನ್ನು, ಖಾಲಿಯೆಂದು ನಮ್ಮೆದುರು ಪರೀಕ್ಷಿಸಿ, ಒಂದೊಂದಾಗಿ ಅವಳ ಕೈಗಿತ್ತರು. ತೆಳು ನಳಿಗೆಯಲ್ಲಿ ನಾಲ್ಕು ಇಂಚು ಉಕ್ಕಿನ ತೂಕ ನೂರು ಗ್ರಾಂ ಅಷ್ಟೇ; ಆದರೆ ಅದು ಕೋವಿಯ ತುತ್ತತುದಿಯಲ್ಲಿರುವ ನೂರು ಗ್ರಾಂ. ಉದ್ದನೆಯದನ್ನು ಹಿಡಿದಾಗ ಇಪ್ಪತ್ತು ಎಣಿಸುವಷ್ಟರಲ್ಲಿ ನಳಿಗೆಯ ಬಾಯಿ ಬಾಗತೊಡಗಿತು. 20 ಇಂಚಿನದು ಅವಳ ಭುಜದಲ್ಲಿ ನಿಂತಿತು.

ನಡುಗುವ ನಳಿಗೆಯಿಂದ ಹೊರಟ ಗುಂಡು ಹೃದಯ ತಪ್ಪಿ ಹೊಟ್ಟೆಗೆ ತಾಗಿದರೆ, ಆ ಪ್ರಾಣಿ ಗಂಟೆಗಟ್ಟಲೆ ನರಳಿ ಎಲ್ಲೋ ಪೊದೆಯಲ್ಲಿ ಸಾಯುತ್ತದೆ. ಕೊಲ್ಲುವುದನ್ನು ಒಪ್ಪಿಕೊಂಡವರಿಗೂ ಅದು ಒಪ್ಪಲಾಗದ ಸಾವು. ಸೆಕೆಂಡಿಗೆ ನೂರು ಅಡಿಯ ವೇಗ ಅದರ ಮುಂದೆ ಏನೂ ಅಲ್ಲವೆಂದು ಉದ್ದ ನಳಿಗೆಯ ಪಕ್ಷದವರು ಅಲ್ಲೇ ಒಪ್ಪಿದರು.

"ಉದ್ದದ್ದನ್ನು ಮುಂದೆ ಕತ್ತರಿಸಿಕೊಡಬಲ್ಲೆ, ಗಿಡ್ಡದ್ದನ್ನು ಬೆಳೆಸಿಕೊಡಲಾರೆ" ಎಂದು ಗನ್‌ಸ್ಮಿತ್ ನಗುತ್ತ ಕೊನೆಯ ಬಾರಿ ಕೇಳಿದರು. 20 ಎಂದೇ ಬರೆಸಿದೆವು. ಈಗ ಮಗಳು ಹಿಡಿ ವಾಲ್ನಟ್ ಮರದ್ದಾಗಬೇಕೋ ಫೈಬರಿನದೋ ಎಂಬ ಚರ್ಚೆಯನ್ನು ಊಟದ ಮೇಜಿಗೆ ತಂದಿದ್ದಾಳೆ.